ನಮಸ್ಕಾರಕ್ಕೆ ನಿಲ್ಲುವ ಅಭ್ಯಾಸ

ಮಾರ್ಚ್ ತಿಂಗಳ ಮೊದಲ ಸೋಮವಾರ ನಾನು ಗಚ್ಚಿಬೌಲಿಯ ಆ ಅಪಾರ್ಟ್‌ಮೆಂಟಿಗೆ ಹೋದಾಗ ಗೇಟಿನಲ್ಲಿ ಜಗಳ ನಡೆದಿತ್ತು. ಎತ್ತರದ ಮುದುಕರೊಬ್ಬರು, ಬಿಳಿ ಪ್ಯಾಂಟು, ಬಿಳಿ ಕ್ಯಾನ್ವಾಸ್ ಬೂಟು, ಕಾವಲುಗಾರನ ಎದುರು ನೆಟ್ಟಗೆ ನಿಂತು ವಾದಿಸುತ್ತಿದ್ದರು. ಕಾವಲುಗಾರ ಮಾತ್ರ ಒಂದೇ ಮಾತು ಹೇಳುತ್ತಿದ್ದ: "ಸಾಬ್ ಬೋಲೇಸೋ ಹೈ ಮಾಸ್ಟರ್ ಸಾಬ್, ಅಕೇಲೇ ನಕ್ಕೋ." ಒಬ್ಬರನ್ನೇ ಹೊರಗೆ ಬಿಡಬೇಡ ಎಂದು ಮಗ ಅವನಿಗೆ ಹೇಳಿಟ್ಟಿದ್ದ.

ನಾನು ನೋಡಬೇಕಾಗಿದ್ದ ರೋಗಿ ಅವರೇ. ಕೊಂಡಾಪುರದ ಒಂದು ಕ್ಲಿನಿಕ್ಕಿನ ಪರವಾಗಿ ಮನೆಮನೆಗೆ ಹೋಗಿ ವ್ಯಾಯಾಮ ಚಿಕಿತ್ಸೆ ಕೊಡುವುದು ನನ್ನ ಕೆಲಸ. ಕ್ಲಿನಿಕ್ಕಿನವರು ಕೊಟ್ಟ ವಿವರ ಹೀಗಿತ್ತು: ವಯಸ್ಸು ಎಪ್ಪತ್ತೇಳು. ನಾರಾಯಣಗೂಡದ ಕಡೆ ಕನ್ನಡ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರರಾಗಿ ನಿವೃತ್ತರು. ದಸರೆಯಿಂದ ಈಚೆಗೆ ಎರಡು ಸಲ ಬಿದ್ದಿದ್ದಾರೆ. ಎರಡನೆಯ ಸಲ ತಲೆಯ ಹಿಂಭಾಗಕ್ಕೆ ಹೊಲಿಗೆ ಬಿದ್ದಿದೆ. ಕೊನೆಯಲ್ಲಿ ಮಗನ ಪ್ರಶ್ನೆ: ಇವರನ್ನು ಒಬ್ಬರೇ ಹೊರಗೆ ಕಳಿಸಬಹುದೇ?

ಏಪ್ರಿಲ್ ಮುಗಿಯುವುದರೊಳಗೆ ನಾನು ಬರೆದುಕೊಡಬೇಕಿತ್ತು. ಉತ್ತರ 'ಇಲ್ಲ' ಎಂದಾದರೆ ಮೇ ತಿಂಗಳಿಂದ ಹಗಲೂ ರಾತ್ರಿ ಜೊತೆಗಿರುವ ಆಳು ಬರುತ್ತಿದ್ದ. ಮಾಸ್ತರರು ವಾರಕ್ಕೆ ಮೂರು ದಿನ ಬಸ್ಸು ಹಿಡಿದು, ಮೆಟ್ರೊ ಹತ್ತಿ, ನಾರಾಯಣಗೂಡದಲ್ಲಿ ಇಳಿದು, ಅಲ್ಲಿನ ಮೈದಾನದಲ್ಲಿ ಹೆಣ್ಣುಮಕ್ಕಳಿಗೆ ಖೋ-ಖೋ ಕಲಿಸುತ್ತಿದ್ದರು. ಅದು ಅಲ್ಲಿಗೇ ನಿಲ್ಲುತ್ತಿತ್ತು.

ನಾನು ಗೇಟಿನಲ್ಲೇ ಕನ್ನಡದಲ್ಲಿ ನನ್ನ ಪರಿಚಯ ಹೇಳಿಕೊಂಡೆ. ಅವರ ಗಮನ ನನ್ನ ಕಡೆ ತಿರುಗಿತು.

"ಯಾವ ಊರಾಕಿ ನೀ?"

"ಬೀದರ್ರಿ. ಈಗ ನಾರಾಯಣಗೂಡದಾಗ ಇರ್ತೀವ್ರಿ."

"ನಾರಾಯಣಗೂಡದಿಂದ ನೀ ಇಲ್ಲಿಗೆ ಬಂದಿ. ನಾ ಇಲ್ಲಿಂದ ನಾರಾಯಣಗೂಡಕ್ಕ ಹೋಗಬಾರದು. ಭಾಳ ಚಲೋ ನ್ಯಾಯ. ನಡಿ, ಮ್ಯಾಲ ನಡಿ, ಏನೇನು ಅಳೀತಿ ಅಳಿ."

ನಾನು ಅಳೆದೆ. ಮಲಗಿಸಿ ರಕ್ತದೊತ್ತಡ ನೋಡಿದೆ, ಎಬ್ಬಿಸಿ ನಿಲ್ಲಿಸಿ ಮತ್ತೆ ನೋಡಿದೆ. ಎದ್ದಾಗ ಒತ್ತಡ ಇಳಿದರೆ ತಲೆ ತಿರುಗುತ್ತದೆ. ಇವರಿಗೆ ಇಳಿಯಲಿಲ್ಲ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವುದಕ್ಕೆ ಎಷ್ಟು ಸಮಯ ಹಿಡಿಯುತ್ತದೆ ಎಂದು ನೋಡುವ ಪರೀಕ್ಷೆಯಲ್ಲಿ ಅವರು ನನ್ನ ಅಪ್ಪನಿಗಿಂತ ಚುರುಕಾಗಿದ್ದರು. ಪಾದದಡಿ ಸಣ್ಣ ಎಳೆ ಒತ್ತಿ ಸ್ಪರ್ಶ ನೋಡಿದೆ, ಸರಿಯಾಗಿತ್ತು. ತಲೆಯನ್ನು ಒಂದು ಕಡೆ ತಿರುಗಿಸಿ ಥಟ್ಟನೆ ಮಲಗಿಸಿ ಕಣ್ಣುಗುಡ್ಡೆ ಓಡುತ್ತವೆಯೇ ಎಂದು ನೋಡಿದೆ. ಓಡಲಿಲ್ಲ. ಕಣ್ಣಿನ ಪೊರೆ ತೆಗೆಸಿಯಾಗಿತ್ತು. ಮಾತ್ರೆಗಳಲ್ಲಿ ನಿದ್ದೆಯದು ಯಾವುದೂ ಇರಲಿಲ್ಲ. ಬಚ್ಚಲಿಗೆ ಸೊಸೆ ಆಗಲೇ ಹಿಡಿಕೆ ಹಾಕಿಸಿದ್ದಳು, ಚಾಪೆ ಹಾಸಿದ್ದಳು.

"ಹೆಂಗ ಬಿದ್ರಿ?" ಎಂದು ಕೇಳಿದೆ.

"ಕಾಲು ಜಾರಿತು. ಮುಗೀತು."

"ನಡಿವಾಗ ಜಾರಿತ್ರಿ?"

"ನಿಂತಿದ್ದೆ."

"ನಿಂತವರಿಗೆ ಕಾಲು ಹೆಂಗ ಜಾರ್ತೈತ್ರಿ?"

"ಅದನ್ನ ಹೇಳಾಕಂತ ನಿನಗ ಪಗಾರ ಕೊಡ್ತಾರವ್ವಾ."

ನಾನು ದಿನಚರಿ ಬರೆಯುವವಳು. ಕಾಲೇಜಿನ ದಿನಗಳಿಂದ ಒಂದು ದಿನವೂ ಬಿಟ್ಟಿಲ್ಲ. ಪ್ರತಿ ರೋಗಿಗೂ ಅದರಲ್ಲಿ ಒಂದು ಪುಟ ಇರುತ್ತದೆ. ಅವರು ಬಿದ್ದ ಎರಡೂ ಪ್ರಸಂಗಗಳಿಗೆ ಹೊತ್ತು, ಜಾಗ, ನೆಲ, ಪಾದರಕ್ಷೆ, ಊಟ ಆಗಿತ್ತೇ ಇಲ್ಲವೇ, ಎಲ್ಲಕ್ಕೂ ಒಂದೊಂದು ಕಾಲಂ ಹಾಕಿದೆ. ಮೊದಲನೆಯದು ವಿಜಯದಶಮಿಯ ದಿನ ಹಳೆಯ ವಿದ್ಯಾರ್ಥಿಯೊಬ್ಬನ ಅಂಗಡಿಯಲ್ಲಿ, ಬರಿಗಾಲು, ಒಣ ನೆಲ. ಎರಡನೆಯದು ಫೆಬ್ರವರಿಯಲ್ಲಿ ಬೆಳಿಗ್ಗೆ ಮನೆಯ ಬಾಗಿಲಲ್ಲಿ, ಚಪ್ಪಲಿ, ಒಣ ನೆಲ. ಎರಡೂ ಸಲ ಹಿಂದಕ್ಕೆ ಬಿದ್ದಿದ್ದರು. ಮುಗ್ಗರಿಸಿದವರು ಮುಂದಕ್ಕೆ ಬೀಳುತ್ತಾರೆ. ಆರೋಗ್ಯವಾಗಿರುವ ಮನುಷ್ಯ, ಒಣ ನೆಲದ ಮೇಲೆ, ಸುಮ್ಮನೆ ನಿಂತಲ್ಲಿಂದ, ಹಿಂದಕ್ಕೆ ಯಾಕೆ ಬೀಳುತ್ತಾನೆ? ನನ್ನ ಯಾವ ಕಾಲಮ್ಮಿನಲ್ಲೂ ಉತ್ತರ ಇರಲಿಲ್ಲ.

ಉತ್ತರ ಸಿಗದಿದ್ದಾಗ ಎಲ್ಲರೂ ಮಾಡುವುದನ್ನೇ ಮಾಡಿದೆ. ಕಾಲಿನ ಬಲಕ್ಕೆ ವ್ಯಾಯಾಮ ಹೇಳಿದೆ, ಕೈಗೆ ಒಂದು ಕೋಲು ಕೊಟ್ಟೆ. ವ್ಯಾಯಾಮ ಅವರಿಗೆ ಆಟ. ಕೋಲನ್ನು ಅವರು ಛತ್ರಿಯ ಜೊತೆ ಬಾಗಿಲ ಹಿಂದೆ ನಿಲ್ಲಿಸಿದರು. "ನಾ ನಲವತ್ತು ವರ್ಷ ಕೈಯಾಗ ಕೋಲು ಹಿಡದೀನಿ ತಂಗಿ, ಒಂದು ದಿನ ಅದರ ಮ್ಯಾಲ ಭಾರ ಹಾಕಿಲ್ಲ."

ಮಾರ್ಚ್ ಕೊನೆಯ ಭಾನುವಾರ ಅವರು ಮೂರನೆಯ ಸಲ ಬಿದ್ದರು. ತಮ್ಮದೇ ಮಹಡಿಯಲ್ಲಿ, ಲಿಫ್ಟಿನ ಮುಂದೆ. ಮೊಳಕೈ ಕೆತ್ತಿತ್ತು, ಸೊಂಟ ಹೇಗೋ ಉಳಿದಿತ್ತು. ಸೋಮವಾರ ನಾನು ಹೋಗುವಷ್ಟರಲ್ಲಿ ಮಗ ಆಫೀಸಿಗೆ ರಜೆ ಹಾಕಿ ಕಾಯುತ್ತಿದ್ದ. ಕೆಟ್ಟ ಮನುಷ್ಯನಲ್ಲ. ರಾತ್ರಿಯಿಡೀ ನಿದ್ದೆಗೆಟ್ಟ ಕಣ್ಣು.

"ಮೇಡಂ, ನೀವು ಬರಾಕತ್ತು ಮೂರು ವಾರ ಆತು. ಮತ್ತ ಬಿದ್ರು. ಇನ್ನ ಏನು ನೋಡೋದೈತಿ? ಬರದು ಕೊಟ್ಟುಬಿಡ್ರಿ."

"ನನ್ನ ಮುಂದ ನನ್ನ ಮಾತು ಆಡ್ತಿ, ನನ್ನ ಕೇಳದ?" ಮಾಸ್ತರರು ಒಳಗಿಂದಲೇ ಹೇಳಿದರು.

"ಕೇಳಿದ್ರ ನೀವು ಜಾರಿತು ಅಂತೀರಿ ಅಪ್ಪಾ. ಎಲ್ಲಿ ಜಾರ್ತೈತಿ? ಇಲ್ಲೇನು ಎಣ್ಣಿ ಸುರುವ್ಯಾರ?"

ಕ್ಲಿನಿಕ್ಕಿನಲ್ಲಿ ನನ್ನ ಮೇಲಿನವರೂ ಅದನ್ನೇ ಹೇಳಿದರು. ಮೂರು ಸಲ ಬಿದ್ದವರನ್ನು ಒಬ್ಬರೇ ಕಳಿಸಬಹುದೆಂದು ಬರೆದು, ನಾಳೆ ರಸ್ತೆಯಲ್ಲಿ ಏನಾದರೂ ಆದರೆ ಸಹಿ ನಿನ್ನದೇ. ನಾನು ವರದಿಯ ಹಾಳೆಯನ್ನು ಚೀಲದಲ್ಲಿಟ್ಟುಕೊಂಡೇ ಗುರುವಾರ ಮತ್ತೆ ಹೋದೆ. ತುಂಬಿ, ಸಹಿ ಮಾಡಿ, ಸೊಸೆಯ ಕೈಗೆ ಕೊಟ್ಟು ಬರುವುದೆಂದು ನಿರ್ಧರಿಸಿದ್ದೆ.

ಆ ದಿನ ಮನೆಗೆ ಒಬ್ಬ ಹಳೆಯ ವಿದ್ಯಾರ್ಥಿ ಬಂದಿದ್ದ. ಐವತ್ತು ದಾಟಿದ, ಹೊಟ್ಟೆ ಬಂದ ಗುತ್ತಿಗೆದಾರ, ಕೈಯಲ್ಲಿ ಫೇಡೆಯ ಪೆಟ್ಟಿಗೆ. ಮಾಸ್ತರರು ಬಿದ್ದರೆಂದು ಕೇಳಿ ನೋಡಲು ಬಂದವನು. ಅವರು ಅವನನ್ನು ಕಂಡವರೇ ಎದ್ದು ನಿಂತರು. ಎರಡೂ ಹಿಮ್ಮಡಿ ಕೂಡಿಸಿ, ಎದೆ ಎತ್ತಿ, ಡ್ರಿಲ್ಲಿನ ಸಾವಧಾನದ ನಿಲುವು. ಅವನು ಮಂಡಿಯೂರಿ, ಅವರ ಎರಡೂ ಪಾದಗಳನ್ನು ಅಂಗೈಗಳಲ್ಲಿ ಗಟ್ಟಿಯಾಗಿ ಹಿಡಿದು, ಹಣೆ ಹಚ್ಚಿದ. ಅವನನ್ನು ಎಬ್ಬಿಸಲು ಮಾಸ್ತರರು ಬಗ್ಗಿದರು, ಮತ್ತೆ ನೆಟ್ಟಗಾದರು. ಆಗ ಅವರ ಹೆಬ್ಬೆರಳುಗಳು ನೆಲ ಬಿಟ್ಟು ಮೇಲೆದ್ದದ್ದನ್ನು ನಾನು ನೋಡಿದೆ.

ಭಾರ ಹಿಮ್ಮಡಿಗೆ ಹೋದಾಗ ಬೆರಳುಗಳು ಹಾಗೆ ಏಳುತ್ತವೆ. ಆ ಗಳಿಗೆಯಲ್ಲಿ ಯಾರೇ ಆದರೂ ಮಾಡುವುದು ಒಂದೇ: ಒಂದು ಹೆಜ್ಜೆ ಹಿಂದಕ್ಕೆ ಇಡುವುದು. ಅದನ್ನು ಯೋಚಿಸಿ ಮಾಡುವುದಿಲ್ಲ, ದೇಹವೇ ಮಾಡುತ್ತದೆ. ಆದರೆ ಹೆಜ್ಜೆ ಇಡಬೇಕಾದ ಎರಡೂ ಪಾದಗಳು ಇನ್ನೊಬ್ಬರ ಕೈಯಲ್ಲಿದ್ದರೆ ದೇಹ ಏನು ಮಾಡೀತು? ಮಾಸ್ತರರು ಮರದ ಕಾಂಡದಂತೆ ಹಿಂದಕ್ಕೆ ಹೋಗಿ ಸೋಫಾದ ಮೇಲೆ ಕುಕ್ಕರಿಸಿದರು.

"ಸೋಫಾ ಮೆತ್ತಗೈತೋ ಇಲ್ಲೋ ನೋಡಿದೆ," ಎಂದು ನಕ್ಕರು. ಗುತ್ತಿಗೆದಾರನೂ ನಕ್ಕ.

ಅವನು ಹೋಗುವವರೆಗೆ ಕಾದೆ.

"ಮಾಸ್ತರ್ರೀ, ಮೊನ್ನೆ ಲಿಫ್ಟಿನ ಮುಂದ ಯಾರಿದ್ರು?"

"ಯಾರೂ ಇದ್ದಿಲ್ಲ."

"ನಿಮ್ಮ ಕಾಲು ಹಿಡದಿದ್ದು ಯಾರು?"

ಅವರು ಅಡುಗೆಮನೆಯ ಕಡೆ ನೋಡಿದರು. ಒಳಗೆ ಸೊಸೆ ಕುಕ್ಕರ್ ಇಡುತ್ತಿದ್ದಳು. "ಬಾಗಲಾ ಮುಂದ ಮಾಡು," ಎಂದರು. ನಾನು ಬಾಗಿಲು ಎಳೆದು ಬಂದೆ.

ಭಾನುವಾರ ಸೊಸೆಯ ತಮ್ಮ ಹೊಸ ಹೆಂಡತಿಯ ಜೊತೆ ಊಟಕ್ಕೆ ಬಂದಿದ್ದ. ಮಾಸ್ತರರು ಅವರನ್ನು ಲಿಫ್ಟಿನವರೆಗೆ ಕಳಿಸಲು ಹೋಗಿದ್ದರು. ಹೊರಡುವಾಗ ಗಂಡ ಒಂದು ಕಾಲು, ಹೆಂಡತಿ ಒಂದು ಕಾಲು ಮುಟ್ಟಿ ಹಿಡಿದರು.

"ಆ ಹುಡುಗಿ ಮಾರಿ ನೀ ನೋಡಬೇಕಾಗಿತ್ತು ತಂಗಿ. ಮದಿವ್ಯಾಗಿ ತಿಂಗಳಾಗಿಲ್ಲ. ಅಕಿ ಕಾಲು ಮುಟ್ಟಿದ ಕೂಡಲೆ ಮನಿ ಹಿರಿಯ ಉರುಳಿದ ಅಂದ್ರ ಮಂದಿ ಏನಂತಾರ? ಅಕಿ ಕಾಲ್ಗುಣ ಅಂತಾರ. ಇವತ್ತಲ್ಲ, ಇನ್ನ ಇಪ್ಪತ್ತು ವರ್ಷ ಅಂತಾರ. ಅದಕ್ಕ ಜಾರಿದೆ ಅಂದೆ. ನೀವೂ ಬಾಯಿ ಬಿಡಬ್ಯಾಡ್ರಿ ಅಂತ ಅವರಿಗೂ ಹೇಳೀನಿ."

"ಫೆಬ್ರವರಿದು?"

"ಮೊಮ್ಮಗ. ಹತ್ತನೇತ್ತೆ ಪರೀಕ್ಷಿಗೆ ಹೊಂಟಿದ್ದ. ನಮಸ್ಕಾರ ಮಾಡಾಕ ಹೋಗಿ ಅಜ್ಜನ್ನ ಕೆಡವಿದೆ ಅಂತ ತಲ್ಯಾಗ ಇಟಗೊಂಡು ಅವ ಏನು ಬರೀತಾನ?"

"ಅಂಗಡ್ಯಾಗ?"

"ಅಂಗಡಿ ತೆರದ ದಿನ ಅದು. ಇನ್ನ ನೀನ ತಿಳಕೋ."

ಮೂರು ಸಲವೂ ಯಾರದೋ ಶುಭಕಾರ್ಯಕ್ಕೆ ಕಪ್ಪು ಚುಕ್ಕೆ ಬೀಳಬಾರದೆಂದು ಅವರು ಸುಳ್ಳು ಹೇಳಿದ್ದರು. ಆ ಸುಳ್ಳಿಗೆ ತೆತ್ತದ್ದು ತಮ್ಮ ನಾರಾಯಣಗೂಡವನ್ನು. ಅದಕ್ಕಿಂತ ಹೆಚ್ಚು ನನ್ನನ್ನು ಕೆರಳಿಸಿದ್ದು ಇನ್ನೊಂದು ಸಂಗತಿ. ಅವರು ಒಬ್ಬರೇ ಇದ್ದಾಗ ಒಂದು ಸಲವೂ ಬಿದ್ದಿರಲಿಲ್ಲ. ಬಿದ್ದದ್ದೆಲ್ಲ ಜೊತೆಗೆ ಜನ ಇದ್ದಾಗ. ನಾವು ಬರೆಯಹೊರಟಿದ್ದ ಔಷಧಿ, ಇವರನ್ನು ಒಬ್ಬರೇ ಬಿಡಬೇಡಿ ಎಂಬುದು. ಬಸ್ಸಿನಲ್ಲಿ ಯಾರೂ ಅವರ ಕಾಲು ಹಿಡಿಯುವುದಿಲ್ಲ. ಮನೆಯಲ್ಲಿ ಕೂಡಿಹಾಕಿದರೆ ನೋಡಲು ಬರುವವರು ಹೆಚ್ಚಾಗುತ್ತಾರೆ, ಬಂದವರೆಲ್ಲ ಕಾಲಿಗೆ ಬೀಳುತ್ತಾರೆ.

"ಯಾರ ಹೆಸರೂ ಬರಿಬ್ಯಾಡ," ಎಂದರು.

"ಹೆಸರು ಬರಿಯಂಗಿಲ್ಲ. ಆದ್ರ ಕಾರಣ ಬರೀತೀನಿ."

ಚೀಲದಲ್ಲಿದ್ದ ಹಾಳೆ ಖಾಲಿಯಾಗಿಯೇ ಕ್ಲಿನಿಕ್ಕಿಗೆ ವಾಪಸಾಯಿತು. ಸಹಿ ಮಾಡುವುದಿಲ್ಲ, ಏಪ್ರಿಲ್ ಕೊನೆಯವರೆಗೆ ಸಮಯ ಬೇಕು ಎಂದೆ. ಮೇಲಿನವರು, ಕಾಲು ಹಿಡಿಯುವುದು ಯಾವ ಪಟ್ಟಿಯಲ್ಲಿದೆ ಎಂದು ಕೇಳಿದರು. ನಮ್ಮ ಪಟ್ಟಿಯಲ್ಲಿ ಜಾರುವ ನೆಲಹಾಸು ಇದೆ, ಮಂದ ಬೆಳಕು ಇದೆ, ಸಡಿಲ ಚಪ್ಪಲಿ ಇದೆ. ಈ ಪಟ್ಟಿ ಮಾಡಿದವರ ಕಾಲಿಗೆ ಯಾರೂ ಬಿದ್ದಿರಲಿಕ್ಕಿಲ್ಲ ಎಂದೆ. ಅವರಿಗೆ ಸಿಟ್ಟು ಬಂತು. ಸಮಯವನ್ನೂ ಕೊಟ್ಟರು.

ಮಾಸ್ತರರಿಗೆ ನಾನು ಮೊದಲು ಹೇಳಿದ ಉಪಾಯ ಸುಲಭದ್ದು: ಕೂತುಕೊಂಡೇ ನಮಸ್ಕಾರ ತೆಗೆದುಕೊಳ್ಳಿ.

"ನಾ ಏನು ಮಠದ ಸ್ವಾಮೀನ? ಕೂತು ಕಾಲು ಚಾಚಾಕ?"

"ಹಂಗಾದ್ರ ಕಾಲು ಅಗಲಿಸಿ ನಿಂದ್ರರಿ."

"ಹಿರೇತನದಾಗ ಕಾಲಗಲಿಸಿ ನಿಂತ್ರ ರೌಡಿ ಕಂಡಂಗ ಕಾಣ್ತೀನಿ."

ತೊಡಕು ಇದ್ದದ್ದೇ ಅಲ್ಲಿ. ಜೀವಮಾನವಿಡೀ ಮಕ್ಕಳಿಗೆ ಸಾವಧಾನ ಕಲಿಸಿದ ಮನುಷ್ಯ, ಯಾರಾದರೂ ಗೌರವ ಕೊಡಲು ಬಂದೊಡನೆ ತಾನೂ ಹಿಮ್ಮಡಿ ಕೂಡಿಸಿ ನಿಲ್ಲುತ್ತಿದ್ದರು. ನಿಲ್ಲಲು ಅದಕ್ಕಿಂತ ಇಕ್ಕಟ್ಟಿನ ನೆಲೆ ಇಲ್ಲ. ಹರೆಯದಲ್ಲಿ ಅದು ನಡೆದಿತ್ತು, ಈಗ ನಡೆಯುತ್ತಿರಲಿಲ್ಲ.

ಅಭ್ಯಾಸ ಶುರು ಮಾಡಿದೆವು. ಹಿಂದೆ ಮಂಚ, ನೆಲಕ್ಕೆ ಗಾದಿ. ಅವರ ನಡುವಿಗೆ ಅಗಲ ಪಟ್ಟಿ ಕಟ್ಟಿ ಅದನ್ನು ಹಿಂದಿನಿಂದ ಹಿಡಿಯಲು ಸೊಸೆಯನ್ನು ಕರೆದೆ. ನಾನು ಕಾಲಿಗೆ ಬೀಳುವವಳು. ಮೊದಲು ಪಾದ ಮುಟ್ಟುವುದು ಮಾತ್ರ. ಆಮೇಲೆ ಒಂದು ಪಾದ ಒತ್ತಿ ಹಿಡಿಯುವುದು. ಆಮೇಲೆ ಎರಡೂ. ಅವರು ಬಗ್ಗಿ ನನ್ನ ಭುಜ ಹಿಡಿದು ಎಬ್ಬಿಸುವುದು ಕೊನೆಗೆ. ಮೊದಲ ದಿನ ಹನ್ನೆರಡು ನಮಸ್ಕಾರಗಳಲ್ಲಿ ಐದು ಸಲ ಸೊಸೆ ಪಟ್ಟಿ ಜಗ್ಗಿ ಹಿಡಿಯಬೇಕಾಯಿತು.

ಪ್ರತಿ ನಮಸ್ಕಾರಕ್ಕೂ ಆಶೀರ್ವಾದ ಬೇರೆ.

"ನೂರು ವರ್ಷ ಬಾಳು."

"ಕಾಲು ಜರಾ ಹಿಂದ, ಮಾಸ್ತರ್ರೀ."

"ಲಗೂನ ಮದಿವಿ ಆಗು."

"ಅದು ಬ್ಯಾಡ್ರಿ."

"ಹಂಗಾದ್ರ ಪಗಾರ ಹೆಚ್ಚಾಗ್ಲಿ. ಮುಂದಿಂದಕ್ಕ ಬ್ಯಾರೆ ವಿಚಾರ ಮಾಡ್ತೀನಿ."

ಮೂರನೆಯ ದಿನ ಸೊಸೆ ಪಟ್ಟಿ ಹಿಡಿದುಕೊಂಡೇ ಕೇಳಿದಳು: "ಮಾವಾರ, ನೀವು ಲಿಫ್ಟಿನ ಮುಂದ ಬಿದ್ದದ್ದು ನನ್ನ ತಮ್ಮ ಬಂದಿದ್ದ ದಿನಾನ ಅಲ್ಲೇನ್ರಿ?"

"ಅವತ್ತು ಅಲ್ಲಿ ನೀರು ಚೆಲ್ಲಿತ್ತವ್ವಾ."

ಅವಳು, "ಹೌದ್ರಿ, ಚೆಲ್ಲಿತ್ತು," ಎಂದಳು. ಪಟ್ಟಿಯನ್ನು ಇನ್ನೊಂದು ಸುತ್ತು ಕೈಗೆ ಸುತ್ತಿಕೊಂಡಳು.

ಹತ್ತು ದಿನಗಳಲ್ಲಿ ನಾನು ಹೇಳಿ ಮಾಡಿಸಿದಾಗ ಎಲ್ಲ ಸರಿಯಾಗುತ್ತಿತ್ತು. ಹೇಳದಿದ್ದಾಗ ಆಗುತ್ತಿರಲಿಲ್ಲ. ಕೆಳಗಿನ ಮನೆಯ ಹುಡುಗಿ ಹುಟ್ಟುಹಬ್ಬದ ಚಾಕೊಲೇಟ್ ಹಿಡಿದು ಬಂದು ಬಗ್ಗಿದಳು. ಮಾಸ್ತರರ ಹಿಮ್ಮಡಿಗಳು ತಾವಾಗಿ ಕೂಡಿದವು. ಸೊಸೆ ಓಡಿಬಂದು ಬೆನ್ನಿಗೆ ಕೈ ಕೊಟ್ಟಳು. ಅವರಿಗೆ ಮೊದಲ ಸಲ ಬೇಸರವಾಯಿತು. "ಆಗಂಗಿಲ್ಲ ಬಿಡು ತಂಗಿ. ಹಳೇ ಎಲುವು ಹೊಸ ಡ್ರಿಲ್ ಕಲಿಯಂಗಿಲ್ಲ."

ಆ ಸಂಜೆ ನಾನು ಮನೆಗೆ ಹೋಗುವ ಮೆಟ್ರೊದಲ್ಲಿ ಅದನ್ನೇ ಯೋಚಿಸಿದೆ. ಹೊಸದು ಕಲಿಯದಿದ್ದರೆ ಬೇಡ. ಅವರಲ್ಲಿ ಆಗಲೇ ಇರುವ ಇನ್ನೊಂದು ನಿಲುವು ಯಾವುದು? ಮರುದಿನ ಹೋದವಳೇ ಕೇಳಿದೆ:

"ಖೋ ಕೊಟ್ಟ ಕೂಡಲೆ ಏಳಬೇಕಾದ ಹುಡುಗಿ ಕಾಲು ಹೆಂಗ ಇಟ್ಟಿರಬೇಕ್ರಿ?"

"ಒಂದು ಮುಂದ, ಒಂದು ಹಿಂದ. ಹಿಂದಿಂದರ ಹಿಮ್ಮಡಿ ಎದ್ದಿರಬೇಕು, ಮೊಣಕಾಲು ಸಡ್ಲ ಇರಬೇಕು. ಎರಡೂ ಕೂಡಿಸಿ ಕೂತ್ರ…" ಅಲ್ಲಿಗೆ ನಿಲ್ಲಿಸಿದರು. ನನ್ನನ್ನು ನೋಡಿದರು. ಎದ್ದು ನಿಂತು ಬಲಗಾಲನ್ನು ಅರ್ಧ ಹೆಜ್ಜೆ ಹಿಂದಕ್ಕೆ ಸರಿಸಿದರು. "ಬೀಳು ಕಾಲಿಗೆ."

ಬಿದ್ದೆ. ಎರಡೂ ಪಾದ ಹಿಡಿದೆ. ಹಿಂದಿನ ಪಾದ ನನ್ನ ಕೈಗೆ ಪೂರ್ತಿ ಸಿಗಲಿಲ್ಲ. ಅವರು ಬಗ್ಗಿ ನನ್ನನ್ನು ಎಬ್ಬಿಸಿದರು. ಸೊಸೆಯ ಕೈಯಲ್ಲಿ ಪಟ್ಟಿ ಸಡಿಲವಾಗಿಯೇ ಉಳಿಯಿತು.

ಏಪ್ರಿಲ್ ಮೂರನೆಯ ಶನಿವಾರ ನಾರಾಯಣಗೂಡದ ಒಂದು ಸಭಾಂಗಣದಲ್ಲಿ ಹಳೆಯ ವಿದ್ಯಾರ್ಥಿಗಳ ಕೂಟ. ಮಾಸ್ತರರಿಗೆ ಕರೆ ಬಂದಿತ್ತು. ಮಗ, ತಾನೂ ಬರುವುದಾದರೆ ಮಾತ್ರ ಎಂದ. ನಾನೂ ಹೋಗಿ ಗೋಡೆಯ ಬಳಿ ನಿಂತೆ. ಬಂದವನು ಒಂದು ಕುರ್ಚಿ ತಂದು ಅಪ್ಪನ ಹಿಂದೆ ಇಟ್ಟ. ಮಾಸ್ತರರು ಅದನ್ನು ಒಂದು ಕೈಯಿಂದ ಪಕ್ಕಕ್ಕೆ ಸರಿಸಿದರು. ಮಗ ನನ್ನ ಮುಖ ನೋಡಿದ. ನಾನು ಗೋಡೆ ಬಿಟ್ಟು ಎರಡು ಹೆಜ್ಜೆ ಹತ್ತಿರ ಬಂದೆ. ಇಲ್ಲಿ ಬಿದ್ದರೆ ಮಾಸ್ತರರಿಗೂ ನನಗೂ ಮತ್ತೆ ಮಾತಾಡಲು ಏನೂ ಉಳಿಯುತ್ತಿರಲಿಲ್ಲ.

ಸಾಲು ಬಂತು. ತಲೆ ನರೆತ ಗಂಡಸರು, ಮೊಮ್ಮಕ್ಕಳನ್ನು ಎತ್ತಿಕೊಂಡ ಹೆಂಗಸರು. ಬಲಗಾಲು ಹಿಂದೆಯೇ ಇತ್ತು. ನಾನು ಇಪ್ಪತ್ತಾರರವರೆಗೆ ಎಣಿಸಿದೆ.

ಇಪ್ಪತ್ತೇಳನೆಯವನು ಪೊಲೀಸ್ ಇಲಾಖೆಯಿಂದ ನಿವೃತ್ತನಾದ ಭಾರಿ ಆಳು. ಅವನು ಬಗ್ಗಲಿಲ್ಲ, ಉದ್ದಕ್ಕೆ ಮಲಗಿಯೇಬಿಟ್ಟ. ಎರಡೂ ತೋಳು ಚಾಚಿ ಮಾಸ್ತರರ ಎರಡೂ ಕಾಲುಗಳನ್ನು ಕಣಕಾಲಿನ ಹತ್ತಿರ ಒಟ್ಟಿಗೆ ಅಪ್ಪಿ ಹಿಡಿದು ಅಳತೊಡಗಿದ. ಹಿಂದಿದ್ದ ಕಾಲು ಮುಂದಕ್ಕೆ ಎಳೆದುಬಂತು. ಇಂಥದ್ದಕ್ಕೆ ನಾವು ಅಭ್ಯಾಸ ಮಾಡಿರಲಿಲ್ಲ. ಮಾಸ್ತರರ ಎರಡೂ ಕೈ ಗಾಳಿಯಲ್ಲಿ ಎದ್ದವು. ಮಗ ಮುಂದೆ ಬಂದ, ನಾನೂ ಬಂದೆ.

"ಕಾಲು ಬಿಡಪಾ," ಎಂದರು ಮಾಸ್ತರರು. ಮೈದಾನದ ದನಿ, ಸಭಾಂಗಣಕ್ಕೆಲ್ಲ ಕೇಳಿಸಿತು. "ಬಿಡು. ಹಿಡಕೊಂಡ್ರ ಬೀಳ್ತೀನಿ ನಾ."

ಅವನು ಬಿಟ್ಟ. ಮಾಸ್ತರರು ಒಂದು ಹೆಜ್ಜೆ ಹಿಂದಕ್ಕೆ ಇಟ್ಟು, ನಿಂತರು.

ದೊಡ್ಡ ಆಳು ಎದ್ದು ಕೂತ. "ತಪ್ಪಾತ್ರಿ ಸರ್."

"ನಿಂದೇನು ತಪ್ಪು? ನನಗ ವಯಸ್ಸಾಗೈತಿ. ಕಾಲು ಹಿಡದ್ರ ಹೆಜ್ಜಿ ಇಡಾಕ ಬರಂಗಿಲ್ಲ, ಅಷ್ಟ. ಇದರಾಗ ಶಕುನ ಗಿಕುನ ಏನಿಲ್ಲ. ಏಳು, ಕೈ ಕೊಡು." ಆಮೇಲೆ ಸಾಲಿನ ಕಡೆ ತಿರುಗಿ, "ಎಲ್ಲಾರೂ ಕೈ ಕೊಡ್ರಿ. ಕಾಲು ನನಗ ಇನ್ನ ಬೇಕಾಗ್ಯಾವ."

ಉಳಿದವರೆಲ್ಲ ಕೈ ಕೊಟ್ಟರು. ಕೆಲವರು ಆ ಕೈಯನ್ನೇ ಕಣ್ಣಿಗೆ ಒತ್ತಿಕೊಂಡರು.

ನನಗೆ ಕ್ಲಿನಿಕ್ಕಿನಲ್ಲಿ ಕೆಲಸವಿದ್ದುದರಿಂದ ಅವರ ಕಾರಿನಲ್ಲೇ ಹೊರಟೆ. ಮೇಲ್ಸೇತುವೆ ಇಳಿಯುವಾಗ ಮಗ, "ಅಪ್ಪಾ, ಮೂರೂ ಸಲ ಹಿಂಗನ ಏನು?" ಎಂದ.

"ಹಿಂಗನ."

ಯಾರು ಎಂದು ಅವನು ಕೇಳಲಿಲ್ಲ. "ಆದ್ರೂ ಒಬ್ಬರನ್ನ ಹೆಂಗ ಬಿಡೋದು? ರಸ್ತೆದಾಗ ಏನರ ಆದ್ರ?"

"ಆದ್ರ ಆಗ್ತೈತಿ. ನಿನಗೂ ದಿನಾ ಆಫೀಸಿಗೆ ಹೋಗೂಮುಂದ ಏನರ ಆಗಬಹುದು. ನಾ ಗೇಟಿಗೆ ಹೇಳೀನೇನು, ಇವನ್ನ ಬಿಡಬ್ಯಾಡ ಅಂತ?"

ಸೋಮವಾರ ವರದಿ ಬರೆದೆ. ನಡಿಗೆ, ಬಲ, ಕಣ್ಣು, ಒತ್ತಡ, ಎಲ್ಲದರ ಅಳತೆ ಹಾಕಿದೆ. ನಿಂತಿರುವಾಗ ಇತರರು ಪಾದ ಹಿಡಿಯುವುದರಿಂದ ಹಿಂದಕ್ಕೆ ಬೀಳುತ್ತಾರೆ, ಮನೆಗೆ ಬರುವವರು ಪಾದ ಹಿಡಿಯಬಾರದು, ಒಬ್ಬರೇ ಓಡಾಡಲು ತೊಂದರೆಯಿಲ್ಲ ಎಂದು ಬರೆದು ಸಹಿ ಮಾಡಿದೆ. ಮೇಲಿನವರು ಎರಡು ಸಲ ಓದಿ, ತಮ್ಮ ಸಹಿ ಹಾಕದೆ ಕಳಿಸಿದರು. ಮಗನ ಕೈಗೆ ವರದಿ ತಲುಪಿತು. ಉತ್ತರ ಬರಲಿಲ್ಲ.

ಬುಧವಾರ ಬೆಳಿಗ್ಗೆ ಕೊನೆಯ ಭೇಟಿಗೆಂದು ಹೋದೆ. ಮಾಸ್ತರರು ಗೇಟಿನಲ್ಲಿದ್ದರು. ಕಾವಲುಗಾರನ ಕೈಯಲ್ಲಿ ಫೋನಿತ್ತು. ಮಗ ಹೇಳಿಟ್ಟದ್ದನ್ನು ಬದಲಿಸಿದ್ದನೋ ಇಲ್ಲವೋ, ಅವನಿಗೂ ಸ್ಪಷ್ಟವಿರಲಿಲ್ಲ.

"ಫೋನ್ ಕರೂಂ ಕ್ಯಾ, ಮಾಸ್ಟರ್ ಸಾಬ್?"

"ಕರೋ," ಎಂದರು ಮಾಸ್ತರರು. "ಬೋಲೋ, ಬಾವಾ ಬಾಹರ್ ಗಯೇ." ಅಪ್ಪ ಹೊರಗೆ ಹೋದರೆಂದು ಮಗನಿಗೆ ಹೇಳು ಎಂದು. ನನ್ನ ಕಡೆ ತಿರುಗಿ, "ಬಸ್ಸಿಗೆ ಹೊತ್ತಾತು ತಂಗಿ. ಹುಡುಗ್ಯಾರು ಕಾಯ್ತಿರ್ತಾರ," ಎಂದು ರಸ್ತೆಯ ಕಡೆ ನಡೆದರು.

ಕಾವಲುಗಾರ ಅವರ ಬೆನ್ನನ್ನು ನೋಡಿದ, ಫೋನನ್ನು ನೋಡಿದ, ಮತ್ತೆ ಜೇಬಿಗೆ ಇಟ್ಟುಕೊಂಡ.

ಪ್ರತಿ ಭೇಟಿಯ ನಂತರ ಕ್ಲಿನಿಕ್ಕಿಗೆ ಒಂದು ಸಾಲು ಕಳಿಸಬೇಕು. ಗೇಟಿನ ನೆರಳಿನಲ್ಲಿ ನಿಂತು ಕಳಿಸಿದೆ: ರೋಗಿ ಮನೆಯಲ್ಲಿ ಇರಲಿಲ್ಲ.